ತಂಗಡಿ ಬೆಳೆಸುವವರಿಗೆ

ಕಲ್ಲುಗುಡ್ಡದ ತಂಗಡಿ (ಹಳದಿ ಹೂ ಬಿಡುವ ಆವರಿಕೆ ಗಿಡ) ಕೊಡಗಿನಲ್ಲಿ ಬರುತ್ತಾ ಅಂತ ಮಡಿಕೇರಿ ಕಡೆಯ ನೆಂಟರು ಕೇಳುತ್ತಿರುತ್ತಾರೆ. ನಾನಿರುವುದು ಕುಶಾಲನಗರದ ಹತ್ತಿರ. ಇಲ್ಲಿ ಮಳೆ ಕಡಿಮೆ, ಬಿಸಿಲು ಜಾಸ್ತಿ. ಬೇಲಿ ಪಕ್ಕ ಚೆನ್ನಾಗಿಯೇ ಬರುತ್ತದೆ. ಮಡಿಕೇರಿಯಲ್ಲಾದರೆ ದೊಡ್ಡ ಕುಂಡದಲ್ಲಿಟ್ಟು, ಮಳೆಗಾಲದಲ್ಲಿ ಸೂರಿನಡಿಗೆ ಸರಿಸಿ.

ಬೀಜ ಯಾವ ಗಿಡದ್ದು ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಇದು ಬಹಳ ಮುಖ್ಯ. ನಾಗರಹೊಳೆ ಕಾಡಿಗೆ ನುಗ್ಗಿರುವ ಸೆನ್ನಾ ಸ್ಪೆಕ್ಟಾಬಿಲಿಸ್‌ಗೂ ಇಂಥದ್ದೇ ಹಳದಿ ಹೂವು. ಅದು ಅಮೆರಿಕ ಖಂಡದಿಂದ ಬಂದದ್ದು, ಬೇಗ ಮರವಾಗಿ ತನ್ನಡಿ ನಮ್ಮ ಗಿಡಗಳು ಏಳದಂತೆ ಮಾಡುತ್ತದೆ. ಅದರ ಒಂದು ಬೀಜವೂ ಮನೆಗೆ ಬರಬಾರದು. ತಂಗಡಿ ಬರೀ ಪೊದೆ. ಅದರ ಕಾಯಿ ತೆಳು, ಚಪ್ಪಟೆ; ಆ ಮರದ ಕಾಯಿ ದುಂಡಗೆ ಉದ್ದ. ಇನ್ನೂ ಅನುಮಾನವಿದ್ದರೆ ಎಲೆದಂಟು ಕೊಂಬೆಗೆ ಸೇರುವಲ್ಲಿ ನೋಡಿ. ಕಿವಿಯ ಆಕಾರದ ಅಗಲವಾದ ಪುಟ್ಟ ಎಲೆಗಳಿದ್ದರೆ ತಂಗಡಿಯೇ.

ಕಾಯಿ ಕಂದು ಬಣ್ಣಕ್ಕೆ ತಿರುಗಿ ಒಣಗಿದ ಮೇಲೆ ಕೀಳಿ. ಬೀಜದ ಸಿಪ್ಪೆ ಗಟ್ಟಿ, ಸುಮ್ನೆ ಬಿತ್ತಿದರೆ ಬಹಳಷ್ಟು ಹುಟ್ಟುವುದಿಲ್ಲ. ನೀರು ಕುದಿಸಿ, ಒಲೆಯಿಂದ ಇಳಿಸಿ, ಬೀಜದ ಮೇಲೆ ಸುರಿದು ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಉಬ್ಬಿದವನ್ನು ಆರಿಸಿ. ಉಬ್ಬದವನ್ನು ಒರಟು ಕಲ್ಲಿಗೆ ಒಂದು ಬದಿ ತುಸು ಉಜ್ಜಿ ಮತ್ತೆ ನೆನೆಹಾಕಿ.

ಬಿತ್ತಲು ಕಾಫಿ ಸಸಿಗೆ ಬಳಸುವ ಪ್ಲಾಸ್ಟಿಕ್ ಕವರೇ ಸಾಕು. ಮಣ್ಣಿಗೆ ಅರ್ಧದಷ್ಟು ಮರಳು ಬೆರೆಸಿ, ಗೊಬ್ಬರ ಬೇಡ. ಮೇ ತಿಂಗಳಲ್ಲಿ ಬಿತ್ತಿ, ಕಕ್ಕಡದ (ಜುಲೈ-ಆಗಸ್ಟ್) ಮಳೆ ಕಳೆಯುವವರೆಗೆ ಸೂರಿನಡಿ ಬೆಳಕಿರುವ ಕಡೆ ಇಡಿ. ಸೆಪ್ಟೆಂಬರ್ ಶುರುವಿನ ಕೈಲ್ ಮುಹೂರ್ತ ಹಬ್ಬ ಮುಗಿದ ಮೇಲೆ, ಮಳೆ ಬಿಡುವು ಕೊಟ್ಟಾಗ ನೆಡಿ. ತಾಯಿಬೇರು ಆಳಕ್ಕಿಳಿಯುತ್ತದೆ, ಅದಕ್ಕೆ ಪೆಟ್ಟಾದರೆ ಸಸಿ ಸೊರಗುತ್ತದೆ. ಹಾಗಾಗಿ ಕವರು ಸೀಳಿ ಮಣ್ಣಿನುಂಡೆ ಸಮೇತ ಇಳಿಸಿ. ಜಾಗ ಇಳಿಜಾರಾಗಿರಲಿ, ಕಲ್ಲಿದ್ದರೂ ಪರವಾಗಿಲ್ಲ. ಕಾಫಿಯ ನೆರಳಿನಲ್ಲಿ ಮಾತ್ರ ಬೇಡವೇ ಬೇಡ.

ಬೇಲಿಗೆ ಇದು ಒಳ್ಳೆಯದು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ: ದನಗಳು ಅಷ್ಟಾಗಿ ಮೇಯುವುದಿಲ್ಲ. ಹಳದಿ ಚಿಟ್ಟೆಗಳ ಹುಳು ಎಲೆ ತಿಂದರೆ ಬಿಡಿ, ಔಷಧಿ ಹೊಡೆಯಬೇಡಿ. ಗಿಡ ಮತ್ತೆ ಚಿಗುರುತ್ತದೆ.

ಒಣಗಿದ ಹೂವಿನ ಕಷಾಯ ಕುಡಿಯುವವರಿದ್ದಾರೆ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು ವೈದ್ಯರನ್ನು ಕೇಳದೆ ಕುಡಿಯಬೇಡಿ. ಹೂ ಕೀಳುವಾಗಲೂ ಕೊಂಬೆ ಬೋಳು ಮಾಡಬೇಡಿ. ಇದರಲ್ಲಿ ಮಕರಂದವಿಲ್ಲ, ದುಂಬಿ ಬರುವುದು ಪರಾಗಕ್ಕೆ. ಅದು ಝೇಂಕರಿಸಿ ಅದುರಿಸಿದರೆ ಮಾತ್ರ ಪರಾಗ ಉದುರುತ್ತದೆ. ದುಂಬಿ ಬಾರದಿದ್ದರೆ ಮುಂದಿನ ವರ್ಷದ ಬಿತ್ತನೆಗೆ ಕಾಯಿ ಎಲ್ಲಿಂದ ಬರಬೇಕು, ಅಲ್ವಾ?