ನಲವತ್ತರೊಳಗೇ ಸೊಂಟದ ಕೀಲು ಸವೆದರೆ: ಆಪರೇಷನ್‌ಗೆ ಹೂಂ ಅನ್ನುವ ಮುಂಚೆ

ಮೆಣಸು ಕುಯ್ಯಲು ಏಣಿಗೆ ಕಾಲಿಟ್ಟೆ, ಬಲಗಾಲು ಮೇಲೇಳಲಿಲ್ಲ. ಆಗ ನನಗೆ 38. ಒಂದು ಕಡೆ ಎಂಟು ತಿಂಗಳು ಬೆನ್ನುನೋವು ಅಂತಲೇ ಮಾತ್ರೆ ನುಂಗಿಸಿದರು, ಸೊಂಟದ ಎಕ್ಸ್‌ರೇ ಒಮ್ಮೆಯೂ ತೆಗೆಸಲಿಲ್ಲ. ತೊಡೆಸಂದಿನಲ್ಲಿ ನೋವಿದ್ದು, ಚಕ್ಕಳಮಕ್ಕಳ ಹಾಕಿ ಕೂರಲು ಆಗದಿದ್ದರೆ ನೀವೇ ಬಾಯಿಬಿಟ್ಟು ಎಕ್ಸ್‌ರೇ ಕೇಳಿ. ಕೆಲವರಿಗೆ ಈ ನೋವು ಮಂಡಿಯಲ್ಲಿ ಕಾಣಿಸುತ್ತದೆ.

ಸೊಂಟದ ಕೀಲು ಅಂದರೆ ತೊಡೆಮೂಳೆಯ ತುದಿಯ ಚೆಂಡು, ಅದು ಕೂರುವ ಬಟ್ಟಲು. ಡಾಕ್ಟರನ್ನು ಮೊದಲು ಕೇಳಬೇಕಾದ್ದು: ಕೀಲಿನ ಮೆತ್ತೆ ಇನ್ನೂ ಎಷ್ಟು ಉಳಿದಿದೆ? ಚೆನ್ನಾಗಿ ಉಳಿದಿದ್ದರೆ ಸ್ವಂತ ಕೀಲನ್ನೇ ಉಳಿಸಬಹುದು. ಹುಟ್ಟಿನಿಂದ ಬಟ್ಟಲು ಆಳವಿಲ್ಲದವರಿಗೆ ಮೂಳೆ ಕತ್ತರಿಸಿ ಬಟ್ಟಲನ್ನು ತಿರುಗಿಸಿ ಕೂರಿಸುತ್ತಾರೆ, ಅದು ಆಸ್ಟಿಯೋಟಮಿ. ರಕ್ತ ಹರಿಯದೆ ಚೆಂಡಿನ ಮೂಳೆ ಸಾಯುವುದು ಏವಿಎನ್. ಸ್ಟೀರಾಯ್ಡ್, ಜಾಸ್ತಿ ಕುಡಿತ ಎರಡರಿಂದಲೂ ಬರುತ್ತದೆ. ಚೆಂಡು ಕುಸಿಯುವ ಮುಂಚೆ ಸಿಕ್ಕರೆ ರಂಧ್ರ ಕೊರೆದು ಒತ್ತಡ ಇಳಿಸುತ್ತಾರೆ. ನನ್ನದೂ ಏವಿಎನ್. ಎಂಆರ್‌ಐ ಹೊತ್ತಿಗೆ ಚೆಂಡು ಚಪ್ಪಟೆಯಾಗಿತ್ತು. ಪೂರ್ತಿ ಸವೆದ ಮೇಲೆ ಸಣ್ಣ ತೂತಿನಿಂದ ಮಾಡುವ ಕೀಹೋಲ್ ಆಪರೇಷನ್ ಸುಮ್ನೆ ದುಡ್ಡು ದಂಡ.

ಆಮೇಲೆ ಉಳಿಯುವುದು ಎರಡು. ರಿಸರ್ಫೇಸಿಂಗ್‌ನಲ್ಲಿ ಚೆಂಡನ್ನು ಕತ್ತರಿಸದೆ ಲೋಹದ ಟೋಪಿ ಹಾಕುತ್ತಾರೆ, ಬಟ್ಟಲೂ ಲೋಹವೇ. ಮೂಳೆ ಉಳಿಯುತ್ತದೆ, ನಿಜ. ಆದರೆ ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರುತ್ತವೆ. ಅಂಥ ಒಂದು ಮಾದರಿಯನ್ನು 2010ರಲ್ಲಿ ಜಗತ್ತಿನಾದ್ಯಂತ ವಾಪಸ್ ತಗೊಂಡರು. ದಪ್ಪ ಮೂಳೆಯ ಗಂಡಸರಿಗೆ ಒಗ್ಗಬಹುದು. ಹೆಂಗಸರಿಗೆ, ಕಿಡ್ನಿ ತೊಂದರೆ ಇದ್ದವರಿಗೆ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಇನ್ನೊಂದು, ಪೂರ್ತಿ ಕೀಲು ಬದಲಿಸುವುದು. ನಾನು ಮೂಳೆಗೆ ಸಿಮೆಂಟ್ ಹಾಕಿ ಅಂಟಿಸದ ಕೀಲು, ಸೆರಾಮಿಕ್ ಚೆಂಡು, ಗಟ್ಟಿ ಪ್ಲಾಸ್ಟಿಕ್ ಬಟ್ಟಲು ಹಾಕಿಸಿಕೊಂಡೆ. ಚೆಂಡು, ಬಟ್ಟಲು ಎರಡೂ ಸೆರಾಮಿಕ್ ಆದರೆ ಸವೆತ ಬಹಳ ಕಡಿಮೆ, ಆದರೆ ಕೆಲವರದು ಹಳೇ ಬಾಗಿಲಿನ ಹಾಗೆ ಕಿರ್ ಅನ್ನುತ್ತದಂತೆ!

ಎಷ್ಟು ವರ್ಷ ಬರುತ್ತದೆ? ನೂರರಲ್ಲಿ ಸುಮಾರು 58 ಕೀಲು 25 ವರ್ಷ ಬಾಳಿವೆ ಎಂದು 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಅವೆಲ್ಲ ಹಳೇ ಕಾಲದ ಕೀಲುಗಳು. ಆದರೂ ನಮ್ಮ ವಯಸ್ಸಿನವರು ಇನ್ನೊಂದು ಆಪರೇಷನ್ ಲೆಕ್ಕದಲ್ಲಿಟ್ಟುಕೊಳ್ಳಬೇಕು, ಅಲ್ವಾ?

ಹಲ್ಲಿನ ಹುಳುಕು, ಸಕ್ಕರೆ ಕಾಯಿಲೆ, ಸಿಗರೇಟು ಮೂರನ್ನೂ ಮೊದಲೇ ಸರಿಮಾಡಿಕೊಳ್ಳಿ. ಮನೆಯಲ್ಲಿ ಕಮೋಡ್ ಹಾಕಿಸಿ, ಪಕ್ಕದ ಗೋಡೆಗೆ ಹಿಡಿ ಕೂರಿಸಿ. ಆಪರೇಷನ್ ಆಗಿ ಮನೆಗೆ ಬರುವ ದಾರಿಯೂ ಉದ್ದ, ಮೈಸೂರಿನಿಂದ ಮಡಿಕೇರಿಗೆ 120 ಕಿಲೋಮೀಟರ್. ಸೀಟಿಗೆ ದಿಂಬು ಹಾಕಿ, ಆಗಾಗ ಇಳಿದು ನಡೆಯಿರಿ. ಮೀನಖಂಡ ಊದಿ ನೋವು ಬಂದರೆ ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ಡಾಕ್ಟರಿಗೆ ತೋರಿಸಿ.

ಕುಯ್ಲು ಮುಗಿದ ಕೂಡಲೇ ಮಾಡಿಸಿ, ಮಳೆಗಾಲಕ್ಕೆ ತಳ್ಳಬೇಡಿ. ನಾನು ಮೇ ಕೊನೆಗೆ ಮಾಡಿಸಿದೆ. ಜೂನ್‌ನಲ್ಲಿ ಅಂಗಳವೆಲ್ಲ ಪಾಚಿ, ಊರುಗೋಲಿನ ರಬ್ಬರ್ ನಿಲ್ಲಲೇ ಇಲ್ಲ. ಬಾಗಿಲಿಂದ ಜೀಪಿನವರೆಗೆ ಹಳೇ ಕಾಫಿ ಗೋಣಿಚೀಲ ಹಾಸಿ ನಡೆದೆ.