ಕೇಬಲ್ ಕೊಳ್ಳುವ ಮೊದಲು ಫೇಸ್ ಎಣಿಸಿ

ಸ್ಟುಟ್‌ಗಾರ್ಟ್, ಮ್ಯೂನಿಕ್ ಕಡೆ ಕಾರು ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮವರು ಬ್ಯಾಟರಿಯ ರಸಾಯನಶಾಸ್ತ್ರದ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲರು. ಯಾವ ಕಾರು ಎಷ್ಟು ದೂರ ಓಡುತ್ತದೆ, ಚಳಿಗಾಲದಲ್ಲಿ ಅದರಲ್ಲಿ ಎಷ್ಟು ಕಡಿಮೆಯಾಗುತ್ತದೆ, ಎಲ್ಲ ಬಾಯಿಪಾಠ. ಅದೇ ಜನ ಕಾರು ಮನೆಗೆ ಬರುವ ಹಿಂದಿನ ರಾತ್ರಿ, ಬೆಲೆಯೊಂದನ್ನೇ ನೋಡಿ, ಚಾರ್ಜಿಂಗ್ ಕೇಬಲ್ ಆರ್ಡರ್ ಮಾಡಿ ಮಲಗಿಬಿಡುತ್ತಾರೆ. ನಾನೂ ಹಾಗೆ ಕೊಂಡವನೇ ಆದ್ದರಿಂದ ನಗುವ ಹಕ್ಕು ನನಗಿಲ್ಲ, ಎಚ್ಚರಿಸುವ ಹಕ್ಕು ಇದೆ.

ಯುರೋಪಿನಲ್ಲಿ ಎಸಿ ಚಾರ್ಜಿಂಗ್‌ಗೆ ಟೈಪ್ 2 ಪ್ಲಗ್ ಬೇಕು, ಹೆದ್ದಾರಿಯ ಡಿಸಿ ಚಾರ್ಜರ್‌ಗೆ ಕೇಬಲ್ ಅಲ್ಲೇ ಇರುತ್ತದೆ, ಇವು ನಿಮಗೆ ಗೊತ್ತು. ಗೊತ್ತಿಲ್ಲದೆ ದುಡ್ಡು ಕಳೆಯುವುದು ಫೇಸ್ ವಿಷಯದಲ್ಲಿ, ಅಂದರೆ ವಿದ್ಯುತ್ತು ಒಂದು ತಂತಿಯಲ್ಲಿ ಹರಿದು ಬರುತ್ತದೋ ಮೂರರಲ್ಲೋ ಎಂಬುದರಲ್ಲಿ.

ಬೆಂಗಳೂರಿನಲ್ಲಿ ಮನೆಗೆ ಹಾಕಿಸುವ 7.2 ಕಿಲೋವ್ಯಾಟ್ ಚಾರ್ಜರ್ ಒಂದೇ ಫೇಸಿನದು. ಇಂಗ್ಲೆಂಡಿನ ಬಹುಪಾಲು ಮನೆಗಳಿಗೆ ಬರುವುದೂ ಒಂದೇ ಫೇಸ್. ಅಲ್ಲಿ 32 ಆಂಪಿಯರ್ ಎಳೆದರೆ 230 ವೋಲ್ಟಿನ ಲೆಕ್ಕದಲ್ಲಿ 7.4 ಕಿಲೋವ್ಯಾಟ್ ಸಿಗುತ್ತದೆ. ಹೀಗಾಗಿ ಆ ಎರಡೂ ಕಡೆ ಆಂಪಿಯರ್ ಹೆಚ್ಚಿದ್ದಷ್ಟೂ ಕೇಬಲ್ ಒಳ್ಳೆಯದು ಎಂಬ ಲೆಕ್ಕ ಸರಿಯೇ. ಜರ್ಮನಿಯ ಮನೆಗಳಿಗೆ ಸಾಮಾನ್ಯವಾಗಿ ಮೂರು ಫೇಸ್ ಬರುತ್ತದೆ. ಇಲ್ಲಿನ ಸಾಮಾನ್ಯ ವಾಲ್‌ಬಾಕ್ಸ್, ಅಂದರೆ ಗೋಡೆಗೆ ಕೂರಿಸುವ ಮನೆಯ ಚಾರ್ಜರ್, 11 ಕಿಲೋವ್ಯಾಟಿನದು. ಅದು ಆ 11 ಕಿಲೋವ್ಯಾಟನ್ನು ಒಂದೊಂದು ಫೇಸಿನಲ್ಲೂ 16 ಆಂಪಿಯರಿನಂತೆ ಮೂರು ಫೇಸಿನಲ್ಲಿ ಹಂಚಿ ಕೊಡುತ್ತದೆ. ಒಂದು ಫೇಸಿಗೆ 16 ಆಂಪಿಯರ್ ಮೀರುವುದಿಲ್ಲ. ನೀವು 32 ಆಂಪಿಯರ್ ಎಂದು ದೊಡ್ಡದಾಗಿ ಬರೆದ ಒಂದು ಫೇಸಿನ ಕೇಬಲ್ ಸಿಕ್ಕಿಸಿದರೂ ಹರಿಯುವುದು 16 ಆಂಪಿಯರ್, ಅದೂ ಒಂದೇ ಫೇಸಿನಲ್ಲಿ. ಅಂದರೆ 3.7 ಕಿಲೋವ್ಯಾಟ್. ಅದಕ್ಕಿಂತ ಸಣ್ಣದಾಗಿ ಕಾಣುವ, 16 ಆಂಪಿಯರ್ ಎಂದಷ್ಟೇ ಬರೆದಿರುವ ಮೂರು ಫೇಸಿನ ಕೇಬಲ್ ಪೂರ್ತಿ 11 ಕಿಲೋವ್ಯಾಟ್ ಒಯ್ಯುತ್ತದೆ.

ಊರಲ್ಲಿ ಪಂಪ್‌ಸೆಟ್ ಇದ್ದ ಮನೆಯವರಿಗೆ ಫೇಸ್ ಎಂದರೇನೆಂದು ಹೇಳಬೇಕಾಗಿಲ್ಲ. ಒಂದು ಫೇಸ್ ಹೋದರೆ ಮೋಟಾರು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ, ಬಿಟ್ಟರೆ ಸುಟ್ಟೇ ಹೋಗುತ್ತದೆ. ಕಾರು ಹಾಗಲ್ಲ, ಅದೇ ತೊಂದರೆ. ಎರಡು ಫೇಸ್ ಇಲ್ಲದಿದ್ದರೂ ದೂರುವುದಿಲ್ಲ, ಕೆಂಪು ದೀಪ ಹತ್ತಿಸುವುದಿಲ್ಲ. ಇರುವ ಒಂದು ಫೇಸಿನಲ್ಲೇ ತೆಪ್ಪಗೆ ಚಾರ್ಜ್ ಆಗುತ್ತಾ ಕೂರುತ್ತದೆ.

ಇಂಗ್ಲೆಂಡಿನಿಂದ ಸ್ಟುಟ್‌ಗಾರ್ಟ್ ಬಳಿಯ ಲಿಯೋನ್‌ಬರ್ಗ್‌ಗೆ ವರ್ಗವಾಗಿ ಬಂದ ಮೈಸೂರಿನ ದಂಪತಿಯೊಬ್ಬರು ಇಂಗ್ಲೆಂಡಿನಲ್ಲಿ ಕೊಂಡ ಒಂದು ಫೇಸಿನ ಕೇಬಲ್ಲನ್ನೂ ಸಾಮಾನಿನ ಜತೆ ತಂದಿದ್ದರು. ಅಲ್ಲಿಗೆ ಅದು ಉತ್ತಮ ಕೇಬಲ್. ಇಲ್ಲಿ 77 ಯೂನಿಟ್ ಬ್ಯಾಟರಿಯ ಕಾರು ಶೇಕಡ 20ರಿಂದ 80ಕ್ಕೆ ಏರಲು ನಾಲ್ಕೂವರೆ ಗಂಟೆಯ ಬದಲು ಹದಿಮೂರು ಗಂಟೆ ಹಿಡಿಯಿತು. ಅವರು ಮೊದಲು ಬೈದದ್ದು ಕಾರನ್ನು. ಆಮೇಲೆ ವಾಲ್‌ಬಾಕ್ಸ್ ಮೇಲೆ ಅನುಮಾನ ಬಂದು ಎಲೆಕ್ಟ್ರಿಷಿಯನ್ನನ್ನು ಕರೆಸಿದರು. ಆತ ಬಂದು, ಅಳೆದು, ವಾಲ್‌ಬಾಕ್ಸ್ ಸರಿಯಾಗಿದೆ ಎಂದು ಬರೆದುಕೊಟ್ಟು, ಬಂದು ಹೋದ ಖರ್ಚನ್ನೂ ಸೇರಿಸಿ ಬಿಲ್ ಕಳುಹಿಸಿದ. ಕೇಬಲ್ಲಿನ ಕಡೆ ಅವನೂ ನೋಡಲಿಲ್ಲ. ಆ ಬಿಲ್ಲಿನ ಹಣದಲ್ಲಿ ಹೊಸ ಕೇಬಲ್ ಬಂದು ಇನ್ನೂ ಸ್ವಲ್ಪ ಉಳಿಯುತ್ತಿತ್ತು.

ಬೀದಿಯ ಸಾರ್ವಜನಿಕ ಚಾರ್ಜರ್‌ನಲ್ಲಿ ಇದೇ ಕೇಬಲ್ ಬೇರೆ ರೀತಿಯಲ್ಲಿ ಜೇಬಿಗೆ ಕೈ ಹಾಕುತ್ತದೆ. ಇಲ್ಲಿನ ಎಸಿ ಕಂಬಗಳಲ್ಲಿ ಹೆಚ್ಚಿನವಕ್ಕೆ ಸ್ವಂತ ಕೇಬಲ್ ಒಯ್ಯಬೇಕು. ಹಲವು ಕಂಪನಿಗಳು ನಾಲ್ಕು ಗಂಟೆ ದಾಟಿದ ಮೇಲೆ, ಕಾರು ಚಾರ್ಜ್ ಆಗುತ್ತಿದ್ದರೂ, ಜಾಗ ಹಿಡಿದಿದ್ದಕ್ಕೆಂದು ನಿಮಿಷದ ಲೆಕ್ಕದಲ್ಲಿ ಶುಲ್ಕ ಹಾಕುತ್ತವೆ. ಮೂರು ಫೇಸಿನಲ್ಲಿ ನಾಲ್ಕು ಗಂಟೆಗೆ ಸಿಗುವ ವಿದ್ಯುತ್ತಿಗೆ ಒಂದು ಫೇಸಿನಲ್ಲಿ ಅರ್ಧ ದಿನ ನಿಂತರೆ ವಿದ್ಯುತ್ತಿಗಿಂತ ನಿಂತದ್ದಕ್ಕೇ ಬೇಸರವಾಗುವಷ್ಟು ಬಿಲ್ ಬರುತ್ತದೆ.

ಹಾಗಾದರೆ 22 ಕಿಲೋವ್ಯಾಟಿನ ವಾಲ್‌ಬಾಕ್ಸ್ ಹಾಕಿಸಿ ಒಂದು ಫೇಸಿನಲ್ಲೇ 32 ಆಂಪಿಯರ್ ಎಳೆಯಬಹುದಲ್ಲ ಎಂದು ಲೆಕ್ಕ ಹಾಕುವ ಜಾಣರಿದ್ದಾರೆ. ಆಗುವುದಿಲ್ಲ. ಮೂರು ಫೇಸುಗಳ ಮೇಲಿನ ಹೊರೆ ಒಂದೇ ಕಡೆ ವಾಲಬಾರದೆಂದು ಜರ್ಮನಿಯಲ್ಲಿ ಮಿತಿಯಿದೆ. ಒಂದು ಫೇಸಿನಲ್ಲಿ ಹೆಚ್ಚೆಂದರೆ 4.6 ಕಿಲೋವೋಲ್ಟ್-ಆಂಪಿಯರ್ (ಇಲ್ಲಿ ಕಿಲೋವ್ಯಾಟ್ ಎಂದೇ ಓದಿಕೊಳ್ಳಿ), ಅಂದರೆ 20 ಆಂಪಿಯರ್. ಒಳಗೆ ಒಂದೇ ಫೇಸಿನ ಚಾರ್ಜರ್ ಇರುವ ಹಳೆಯ ನಿಸಾನ್ ಲೀಫ್‌ನಂತಹ ಕಾರು ಕೊಂಡವರಿಗೂ ಇದು ಅನ್ವಯಿಸುತ್ತದೆ. 7.4 ಎಂದು ಬರೆದ ಕೇಬಲ್ಲಿನ ಪೂರ್ತಿ ಶಕ್ತಿ ಜರ್ಮನಿಯ ಮನೆಯಲ್ಲಿ ಯಾವತ್ತೂ ಸಿಗುವುದಿಲ್ಲ. ಆದರೂ ಆನ್‌ಲೈನ್ ಅಂಗಡಿಗಳು ಅದನ್ನು ಮಾರುತ್ತಲೇ ಇವೆ, ನಾವು ಅಗ್ಗವೆಂದು ಕೊಳ್ಳುತ್ತಲೇ ಇದ್ದೇವೆ.

ಗುರುತಿಸುವುದು ಸುಲಭ. ಪ್ಲಗ್‌ನ ಚಪ್ಪಟೆ ಬದಿ ಮೇಲಿರುವಂತೆ ಹಿಡಿದು ಮುಖ ನೋಡಿ. ಮೇಲೆ ಎರಡು ಸಣ್ಣ ಪಿನ್, ನಡುವೆ ಮೂರು, ಕೆಳಗೆ ಎರಡು ಇರಬೇಕು. ಕೆಳಗಿನ ಎರಡು ತೂತುಗಳು ಖಾಲಿಯಿದ್ದರೆ ಅದು ಒಂದು ಫೇಸಿನದು. ಪಿನ್ ಇದ್ದ ಮಾತ್ರಕ್ಕೆ ಒಳಗೆ ತಂತಿಯಿದೆ ಎಂದು ನಂಬಬೇಡಿ, ಕೇಬಲ್ಲಿನ ಹೊದಿಕೆಯ ಮೇಲೆ ಅಚ್ಚಾದದ್ದನ್ನೂ ಓದಿ. ದಪ್ಪ ತಂತಿಗಳ ಲೆಕ್ಕ 5ರಿಂದ ಶುರುವಾದರೆ ಮೂರು ಫೇಸ್, 3ರಿಂದ ಶುರುವಾದರೆ ಒಂದು. ಅದರ ಮುಂದಿನ ಸಂಖ್ಯೆ ತಂತಿಯ ದಪ್ಪ: ಮೂರು ಫೇಸಿನ ಕೇಬಲ್ಲಿನಲ್ಲಿ 2.5 ಚದರ ಮಿಲಿಮೀಟರ್ ಇದ್ದರೆ 11 ಕಿಲೋವ್ಯಾಟಿಗೆ, 6 ಇದ್ದರೆ 22 ಕಿಲೋವ್ಯಾಟಿಗೆ.

ಈ ಎರಡರಲ್ಲಿ ಯಾವುದು ಎಂದು ಕೇಳುವವರಿಗೆ: ನಿಮ್ಮ ಕಾರಿನೊಳಗಿನ ಚಾರ್ಜರ್ 11 ಕಿಲೋವ್ಯಾಟಿನದಾದರೆ, ಇಂದಿನ ಬಹುಪಾಲು ಕಾರುಗಳಲ್ಲಿ ಇರುವುದು ಅದೇ, 22ರ ಕೇಬಲ್ ಕೊಂಡರೂ ಒಂದು ಗುಲಗಂಜಿಯಷ್ಟೂ ವೇಗ ಹೆಚ್ಚುವುದಿಲ್ಲ. ದಪ್ಪ ಕೇಬಲ್ ಭಾರ ಹೆಚ್ಚು, ಜನವರಿಯ ಚಳಿಯಲ್ಲಿ ಸೆಟೆದು ನಿಲ್ಲುತ್ತದೆ, ಬರಿಗೈಯಲ್ಲಿ ಸುತ್ತಿಡುವುದು ಶಿಕ್ಷೆ. ಮುಂದೆ 22ರ ಕಾರು ಕೊಳ್ಳುವ ಯೋಚನೆ ನಿಜವಾಗಿ ಇದ್ದರೆ ಮಾತ್ರ ತೆಗೆದುಕೊಳ್ಳಿ.

ಸ್ವಂತ ಗ್ಯಾರೇಜ್ ಇದ್ದರೆ ಕೇಬಲ್ ಅಂಟಿಕೊಂಡೇ ಬರುವ ವಾಲ್‌ಬಾಕ್ಸ್ ಹಾಕಿಸಿ. ದಿನಾ ಡಿಕ್ಕಿ ತೆರೆದು ಕೇಬಲ್ ಎಳೆಯುವ ಕಾಟ ತಪ್ಪುತ್ತದೆ, ಬೇರೆ ಕೇಬಲ್ ಡಿಕ್ಕಿಯಲ್ಲೇ ಬೀದಿಗೆಂದು ಉಳಿಯುತ್ತದೆ. ಕೇಬಲ್ಲಿನ ಉದ್ದವನ್ನು ಕಾರು ನಿಲ್ಲಿಸಿ ಅಳೆದು ನಿರ್ಧರಿಸಿ. ಚಾರ್ಜಿಂಗ್ ಬಾಗಿಲು ಕೆಲವಕ್ಕೆ ಹಿಂದಿನ ಬಲಕ್ಕಿದೆ, ಕೆಲವಕ್ಕೆ ಎಡಕ್ಕೆ, ಕೆಲವಕ್ಕೆ ಮುಂದೆ ಮೂತಿಯಲ್ಲೇ. ಐದು ಮೀಟರ್ ಸಾಲದೆ ದಿನಾ ಗ್ಯಾರೇಜಿಗೆ ಹಿಮ್ಮುಖವಾಗಿ ನುಗ್ಗುವ ಅನೇಕರನ್ನು ಬಲ್ಲೆ.

ವಾಲ್‌ಬಾಕ್ಸ್ ಯಾಕೆ, ಗೋಡೆಯ ಸಾಮಾನ್ಯ ಸಾಕೆಟ್ಟೇ ಸಾಕು ಎನ್ನುವವರ ವಾದದಲ್ಲೂ ಹುರುಳಿದೆ. ದಿನಕ್ಕೆ ನಲವತ್ತು ಕಿಲೋಮೀಟರ್ ಓಡಿಸುವವರಿಗೆ ರಾತ್ರಿಯಿಡೀ 10 ಆಂಪಿಯರಿನಲ್ಲಿ, ಅಂದರೆ 2.3 ಕಿಲೋವ್ಯಾಟಿನಲ್ಲಿ ಸಿಗುವುದು ಧಾರಾಳ. ಆದರೆ ಜರ್ಮನಿಯ ಗೋಡೆಯ ಸಾಕೆಟ್ ಮೇಲೆ 16 ಆಂಪಿಯರ್ ಎಂದು ಬರೆದಿದ್ದರೂ ಅದು ಗಂಟೆಗಟ್ಟಲೆ ಅಷ್ಟನ್ನು ತಾಳಲೆಂದು ಮಾಡಿದ್ದಲ್ಲ. ಹಳೆಯ ಮನೆಯಾದರೆ ಆ ಸಾಲಿನ ವೈರಿಂಗನ್ನು ಮೊದಲು ಪರೀಕ್ಷೆ ಮಾಡಿಸಿ. ಸುತ್ತುಗಾಲಿಯ ಎಕ್ಸ್‌ಟೆನ್ಷನ್ ತಂತಿಯನ್ನು ಬಿಚ್ಚದೆ ಹಾಗೇ ಬಳಸುವುದು ಬೆಂಕಿಯನ್ನು ಮನೆಗೆ ಕರೆದಂತೆ. ಇಂಗ್ಲೆಂಡಿನವರು ಪ್ಲಗ್‌ನೊಳಗೇ ಫ್ಯೂಸ್ ಇಟ್ಟಿದ್ದಾರೆ, ಅವರ ಸಾಕೆಟ್ಟಿಗೂ ನಮ್ಮ ಊರಿನದಕ್ಕೂ ಸ್ವಿಚ್ ಇದೆ. ಜರ್ಮನಿಯ ಸಾಕೆಟ್ಟಿಗೆ ಎರಡೂ ಇಲ್ಲ. ಈ ಒಂದು ವಿಷಯದಲ್ಲಿ ನನ್ನ ಓಟು ಇಂಗ್ಲೆಂಡಿಗೆ.

ಇನ್ನು ಕಾಗದಪತ್ರ. ವಾಲ್‌ಬಾಕ್ಸನ್ನು ನಿಮ್ಮ ಪ್ರದೇಶದ ನೆಟ್ಸ್‌ಬೆಟ್ರೈಬರ್‌ಗೆ, ಅಂದರೆ ತಂತಿಜಾಲ ನೋಡಿಕೊಳ್ಳುವ ಸಂಸ್ಥೆಗೆ, ಮೊದಲೇ ತಿಳಿಸಬೇಕು. ಪ್ರತಿ ತಿಂಗಳು ಬಿಲ್ ಕಳುಹಿಸುವ ಕಂಪನಿ ಸಾಮಾನ್ಯವಾಗಿ ಬೇರೆ. ಅವರಿಗೆ ಬರೆದು ಉತ್ತರ ಬರಲಿಲ್ಲವೆಂದು ತಿಂಗಳುಗಟ್ಟಲೆ ಕಾಯುವವರು ಪ್ರತಿ ವರ್ಷ ಒಬ್ಬರಾದರೂ ಸಿಗುತ್ತಾರೆ. ಒಟ್ಟು 12 ಕಿಲೋವೋಲ್ಟ್-ಆಂಪಿಯರ್ ಮೀರಿದರೆ ತಿಳಿಸಿದರೆ ಸಾಲದು, ಒಪ್ಪಿಗೆಯೇ ಬೇಕು. 11 ಕಿಲೋವ್ಯಾಟಿನ ವಾಲ್‌ಬಾಕ್ಸ್ ಇಷ್ಟು ಜನಪ್ರಿಯವಾಗಲು ಇದೂ ಒಂದು ಕಾರಣ. 2024ರ ಜನವರಿ 1ರಿಂದ ಹೊಸದಾಗಿ ಹಾಕಿಸುವ, 4.2 ಕಿಲೋವ್ಯಾಟ್ ಮೀರಿದ ವಾಲ್‌ಬಾಕ್ಸುಗಳನ್ನು ಜಾಲದ ಮೇಲೆ ಒತ್ತಡ ಬಿದ್ದಾಗ 4.2ಕ್ಕೆ ಇಳಿಸುವ ಅಧಿಕಾರ ಆ ಸಂಸ್ಥೆಗಿದೆ. ಕೇಳಿದ ಕೂಡಲೇ ನಮ್ಮವರಿಗೆ ಲೋಡ್ ಶೆಡ್ಡಿಂಗ್ ನೆನಪಾಗುತ್ತದೆ. ಹೆದರಬೇಡಿ, ಪೂರ್ತಿ ಕಡಿಯುವಂತಿಲ್ಲ, ಪ್ರತಿಯಾಗಿ ಜಾಲದ ಶುಲ್ಕದಲ್ಲಿ ಪ್ರದೇಶಕ್ಕೆ ತಕ್ಕಂತೆ ವರ್ಷಕ್ಕೆ ಸುಮಾರು 110ರಿಂದ 190 ಯೂರೋ ಕಡಿಮೆಯಾಗುತ್ತದೆ. ನೋಂದಾಯಿಸದವರಿಗೆ ಅದೂ ಇಲ್ಲ.

ಬಾಡಿಗೆ ಮನೆಯಲ್ಲಿರುವವರು ಕೇಳುವುದಕ್ಕೇ ಹಿಂಜರಿಯುತ್ತಾರೆ. 2020ರ ಡಿಸೆಂಬರ್‌ನಿಂದ ಚಾರ್ಜಿಂಗ್ ವ್ಯವಸ್ಥೆ ಹಾಕಿಸಿಕೊಳ್ಳಲು ಅನುಮತಿ ಕೇಳುವ ಹಕ್ಕನ್ನು ಬಾಡಿಗೆದಾರರಿಗೆ ಕಾನೂನೇ ಕೊಟ್ಟಿದೆ. ಬಲವಾದ ಕಾರಣವಿಲ್ಲದೆ ಮಾಲೀಕರು ನಿರಾಕರಿಸುವಂತಿಲ್ಲ. ಖರ್ಚು ಮಾತ್ರ ನಿಮ್ಮದೇ, ಮನೆ ಬಿಡುವಾಗ ಕಿತ್ತುಕೊಂಡು ಹೋಗಬೇಕೇ ಎಂಬುದನ್ನು ಬರಹದಲ್ಲಿ ಮಾಡಿಕೊಳ್ಳಿ. ವಾಲ್‌ಬಾಕ್ಸಿಗೆ ಸರ್ಕಾರ 900 ಯೂರೋ ಕೊಡುತ್ತದೆ ಎಂದು ಹಳೆಯ ವಾಟ್ಸ್‌ಆ್ಯಪ್ ಸಂದೇಶ ತೋರಿಸುವವರಿಗೆ: ಆ ಹಣ 2021ರಲ್ಲೇ ಮುಗಿದಿದೆ.

ಕೊನೆಗೆ ಕೇಬಲ್ ಎಲ್ಲಿ ಕೊಳ್ಳುವುದು ಎಂಬ ಪ್ರಶ್ನೆ. ಅಂಗಡಿಯಿಂದ ಆನ್‌ಲೈನ್‌ನಲ್ಲಿ ಕೊಂಡರೆ ಹದಿನಾಲ್ಕು ದಿನದೊಳಗೆ ಕಾರಣ ಹೇಳದೆ ಹಿಂತಿರುಗಿಸಬಹುದು. ಆದ್ದರಿಂದ ಬಂದ ದಿನವೇ ಸಿಕ್ಕಿಸಿ, ಬ್ಯಾಟರಿ ಅರ್ಧಕ್ಕಿಂತ ಕೆಳಗಿರುವಾಗ ಕಾರಿನ ಪರದೆಯಲ್ಲಿ ಕಿಲೋವ್ಯಾಟ್ ಎಷ್ಟು ತೋರಿಸುತ್ತದೆ ನೋಡಿ. ಹತ್ತರ ಮೇಲಿದ್ದರೆ ಸರಿ, ಮೂರೂವರೆಯ ಆಸುಪಾಸು ನಿಂತರೆ ಪೆಟ್ಟಿಗೆಯನ್ನು ಎಸೆಯಬೇಡಿ. ಖಾಸಗಿಯವರಿಂದ ಹಳೆಯದನ್ನು ಕೊಂಡರೆ ಹಿಂತಿರುಗಿಸುವ ಹಕ್ಕಿಲ್ಲ, ಹಣ ಕಳುಹಿಸುವ ಮೊದಲು ಪ್ಲಗ್‌ನ ಮುಖದ ಚಿತ್ರ ತರಿಸಿಕೊಳ್ಳಿ. ಇಂಗ್ಲೆಂಡಿನಿಂದ ಬಂದ ಮೈಸೂರಿನವರ ಕೇಬಲ್ ಮಾರಾಟಕ್ಕಿದೆ ಎಂದು ಯಾರಾದರೂ ಹೇಳಿದರೆ ಅದನ್ನೂ.