ಗಾಜಿನ ಬಾಗಿಲ ಒಳಗೆ 34 ದಿನ

ನನ್ನ ಮಗಳು ಪುಟ್ಟಿಗೆ ಆಗ ಐದು ವರ್ಷ. ಥಲಸ್ಸೇಮಿಯಾ ಮೇಜರ್, ಅಂದರೆ ಮೈಯಲ್ಲಿ ಸಾಕಷ್ಟು ಒಳ್ಳೇ ರಕ್ತ ತಯಾರಾಗದ ಹುಟ್ಟು ಕಾಯಿಲೆ. ಎಂಟು ತಿಂಗಳ ಕೂಸಾಗಿದ್ದಾಗಿನಿಂದ ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತಿದ್ದೆವು. ವಾಸಿಯಾಗಲು ಅಸ್ಥಿಮಜ್ಜೆ ಕಸಿ ಮಾಡಿಸಬೇಕಿತ್ತು. ಅದಕ್ಕೆ ಮಜ್ಜೆ ಕೊಡುವವರ ಎಚ್‌ಎಲ್‌ಎ, ಅಂದರೆ ಜೀವಕೋಶದ ಮೇಲಿನ ಗುರುತು, ಮಗುವಿನದಕ್ಕೆ ಹೊಂದಬೇಕು. ಒಡಹುಟ್ಟಿದವರದು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವಳ ಅಣ್ಣನದು ಹೊಂದಿತು. ಕೋಲ್ ಇಂಡಿಯಾದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ 10 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಅದು ಮಂಜೂರಾದ ಮೇಲೇ ನಾವು ದಾವಣಗೆರೆ ಬಿಟ್ಟು ಬೆಂಗಳೂರಿಗೆ ಹೊರಡುವ ಧೈರ್ಯ ಮಾಡಿದ್ದು.

ಕಸಿ ಅಂದರೆ ದೊಡ್ಡ ಆಪರೇಷನ್ ಅಂತ ಊರಲ್ಲಿ ಎಲ್ಲರೂ ಅಂದುಕೊಂಡಿದ್ದರು. ಹಾಗೇನಿಲ್ಲ. ಅಣ್ಣನಿಗೆ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಮಜ್ಜೆ ತೆಗೆದರು. ರಕ್ತದ ಹಾಗೇ ಚೀಲದಲ್ಲಿ ಬಂತು. ಪುಟ್ಟಿಯ ಎದೆಗೆ ಹಾಕಿದ್ದ ಸಣ್ಣ ಕೊಳವೆಯಲ್ಲಿ ಹನಿಹನಿಯಾಗಿ ಇಳಿಯಿತು. ಅವಳು ಕಾರ್ಟೂನ್ ನೋಡುತ್ತಲೇ ನಿದ್ದೆ ಹೋದಳು.

ಕಷ್ಟವೆಲ್ಲ ಆಮೇಲೆ ಶುರುವಾಯಿತು. ಕಸಿಗೆ ಮುಂಚೆ ಕೊಡುವ ಕೀಮೋ ಔಷಧಿಯಿಂದ ಹಳೇ ಮಜ್ಜೆ ಹೋಗಿರುತ್ತದೆ, ಹೊಸದು ಇನ್ನೂ ಕೆಲಸ ಶುರು ಮಾಡಿರುವುದಿಲ್ಲ. ಆ ಎರಡು ಮೂರು ವಾರದಲ್ಲಿ ತಾಯಿಯ ಕೈಯಲ್ಲಿರುವ ದೊಡ್ಡ ಕೆಲಸ ಮಗುವಿನ ಬಾಯಿ ನೋಡಿಕೊಳ್ಳುವುದು. ಇದನ್ನು ನನಗೆ ಯಾರಾದರೂ ಮೊದಲೇ ಒತ್ತಿ ಹೇಳಬೇಕಿತ್ತು.

ಕಸಿಯಾದ ಆರನೇ ದಿನ ಅವಳ ತುಟಿ ಊದಿತು. ಒಳಗೆಲ್ಲ ಬಿಳಿ ಹುಣ್ಣು. ಎಂಜಲು ನುಂಗಲೂ ಆಗದೆ ಬಾಯಿಂದ ಸುರಿಯುತ್ತಿತ್ತು. ನಾಲ್ಕು ಗಂಟೆಗೊಮ್ಮೆ ಬಾಯಿ ಮುಕ್ಕಳಿಸಲೇಬೇಕು, ಇಲ್ಲದಿದ್ದರೆ ಹುಣ್ಣಿನಿಂದ ಸೋಂಕು ರಕ್ತಕ್ಕೆ ಇಳಿಯಬಹುದು. ಬಿಳಿ ರಕ್ತಕಣ ಸೊನ್ನೆ ಇರುವಾಗ ಅದು ಜೀವಕ್ಕೇ ಬರಬಹುದು. ಲೋಟ ಕಂಡರೆ ಸಾಕು, ಅವಳು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು.

ಗಾಜಿನ ಬಾಗಿಲ ಕಸಿ ಕೋಣೆಯೊಳಗೆ ಬಟ್ಟೆ ಗೊಂಬೆ ಬಿಡುವುದಿಲ್ಲ. ಒರೆಸಿಕೊಡಬಹುದಾದ ಪ್ಲಾಸ್ಟಿಕ್ ಆನೆ ಇತ್ತು. ಮೊದಲು ಆನೆಗೆ ಬಾಯಿ ಮುಕ್ಕಳಿಸಿದ ಹಾಗೆ ಮಾಡಿಸಿದೆ. ಆಮೇಲೆ ಇವಳಿಗೆ, ಐದು ಎಣಿಸುವಷ್ಟು ಹೊತ್ತು ಮಾತ್ರ. ಸಿಸ್ಟರ್ ಹತ್ತಿರ ಕೇಳಿ, ನೋವಿನ ಔಷಧಿ ಕೊಟ್ಟ ಅರ್ಧ ಗಂಟೆಗೆ ಈ ಕೆಲಸ ಇಟ್ಟುಕೊಂಡೆ. ಅಳು ಅರ್ಧಕ್ಕರ್ಧ ಕಡಿಮೆಯಾಯಿತು. ನೀವೂ ಕೇಳಿ, ಸಂಕೋಚ ಬೇಡ.

ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಹೊಸ ಮಜ್ಜೆಗೂ ಮೈಗೂ ಜಗಳವಾಗದಂತೆ ತಡೆಯಲು ಸೈಕ್ಲೋಸ್ಪೊರಿನ್ ಅನ್ನುವ ಔಷಧಿ ಕೊಡುತ್ತಾರೆ. ರಕ್ತದಲ್ಲಿ ಅದರ ಮಟ್ಟ ನೋಡುವ ದಿನ ಬೆಳಗಿನ ಡೋಸ್‌ಗೆ ಮುಂಚೆ ರಕ್ತ ತೆಗೆಯಬೇಕು. ನಿದ್ದೆಗಣ್ಣಲ್ಲಿ ನಾನು ಔಷಧಿ ಕುಡಿಸಿಬಿಟ್ಟೆ. ಅವತ್ತಿನ ಪರೀಕ್ಷೆ ಮುಂದಕ್ಕೆ ಹೋಯಿತು. ಅವತ್ತಿಂದ ಹಿಂದಿನ ರಾತ್ರಿಯೇ ಬಾಟಲಿಗೆ ಕೆಂಪು ದಾರ ಕಟ್ಟಿಡುತ್ತಿದ್ದೆ. ಈ ಔಷಧಿ ಪ್ಲಾಸ್ಟಿಕ್ ಲೋಟಕ್ಕೆ ಅಂಟಿಕೊಳ್ಳುತ್ತದೆ, ಹಾಗಾಗಿ ಗಾಜಿನ ಲೋಟದಲ್ಲೇ ಕಲಸಬೇಕು.

ದಿನಾ ಬೆಳಿಗ್ಗೆ ಎಎನ್‌ಸಿ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣದ ಎಣಿಕೆ, ಎಷ್ಟು ಅಂತ ಕಾಯುವುದು. ಅದು ಮೂರು ದಿನ ಸತತವಾಗಿ 500 ದಾಟಿದರೆ ಮಜ್ಜೆ ನೆಲೆಸಿತು ಅನ್ನುತ್ತಾರೆ. ಹದಿನಾರನೇ ದಿನ 120 ಬಂತು. ನಾನು ಬಾತ್‌ರೂಮಿಗೆ ಹೋಗಿ ಅತ್ತೆ. ಹದಿನೆಂಟಕ್ಕೆ 560. ಸಂಖ್ಯೆ ಏರಿದ ಹಾಗೆ ಹುಣ್ಣು ಮಾಯತೊಡಗಿತು. ಮಧ್ಯೆ ಅಂಗೈ ಕೆಂಪಾಗಿ ಗುಳ್ಳೆ ಎದ್ದಿತ್ತು. ಅಣ್ಣನ ಕಣಗಳು ಅವಳ ಮೈಯನ್ನು ಹೊರಗಿನದು ಅಂದುಕೊಂಡಾಗ ಹಾಗಾಗುತ್ತದಂತೆ. ಸ್ಟೆರಾಯ್ಡ್‌ಗೆ ಇಳಿಯಿತು.

ಇಪ್ಪತ್ತನೇ ದಿನ ತಾನಾಗೇ, "ಅಮ್ಮಾ, ಮೊಸರನ್ನ" ಅಂದಳು. ಎರಡು ವಾರದಿಂದ ಮೂಗಿನ ಕೊಳವೆಯಲ್ಲೇ ಆಹಾರ ಹೋಗುತ್ತಿತ್ತು. ನನಗೆ ಕೈಕಾಲು ಆಡಲಿಲ್ಲ. ಆದರೆ ಮೊಸರು ಇನ್ನೂ ಬೇಡ ಅಂದಿದ್ದರು. ಹಸಿ ಕೊತ್ತಂಬರಿ ಸೊಪ್ಪೂ ಇಲ್ಲ. ಆಗಷ್ಟೇ ಕುಕ್ಕರ್‌ನಿಂದ ಇಳಿಸಿದ ಅನ್ನಕ್ಕೆ ತಿಳಿಸಾರು ಹಾಕಿ ಮೆತ್ತಗೆ ಹಿಚುಕಿದೆ. ಮೊದಲ ಚಮಚ ಆನೆಗೆ. ಎರಡನೆಯದನ್ನು ಅವಳು ಬಾಯಲ್ಲಿ ತುಂಬಾ ಹೊತ್ತು ಇಟ್ಟುಕೊಂಡಿದ್ದು, ಮೆಲ್ಲಗೆ ನುಂಗಿದಳು. ಮತ್ತೆ ಬಾಯಿ ತೆರೆದಳು.